ಪ್ರಾಕ್ಟರನ ಹೊಲದಲ್ಲಿ ನಮ್ಮ ಮನೆ

"ಬಗ್ಗಿ ಎತ್ತೇ ಮುಂಡೆ. ನೀನು ಬಸುರಿ ಅಂತ ಕಲ್ಲೇ ಎದ್ದು ಗಾಡಿ ಹತ್ತುತ್ತಾ?" ಅಂದ ಎಲ್ವಿನ್ ಪ್ರಾಕ್ಟರ್, ಬೇಲಿಗೆ ಒರಗಿಕೊಂಡು.

ಆಗ ಅವನು ಬರೀ ರೈತ. ಶಾಲಾ ಕಮಿಟಿಯ ಅಧ್ಯಕ್ಷ ಅನ್ನುವುದೊಂದೇ ಅವನ ದೊಡ್ಡಸ್ತಿಕೆ. ಹಿಮ ಕರಗಿದ ಮೇಲೆ ಅವನ ಗೋಧಿ ಹೊಲದಲ್ಲಿ ಮೇಲೆದ್ದ ಕಲ್ಲು ಆರಿಸುವುದು ನಮ್ಮ ಕೆಲಸ. ನಾವು ಕೆನಡಾದ ಮೆಟಿ ಜನ, ಬಿಳಿಯರಿಗೂ ಇಲ್ಲಿನ ಮೂಲನಿವಾಸಿ ಇಂಡಿಯನ್ನರಿಗೂ ಹುಟ್ಟಿದ ಬೆರಕೆ ಸಂತತಿ. ಬಿಳಿಯರು ನಮ್ಮನ್ನು ತಮ್ಮವರು ಅನ್ನುವುದಿಲ್ಲ, ಸರ್ಕಾರ ಇಂಡಿಯನ್ನರ ಲೆಕ್ಕಕ್ಕೂ ಸೇರಿಸುವುದಿಲ್ಲ. ಮುಂದೆಂದೋ ರಸ್ತೆ ಮಾಡಲು ಬಿಟ್ಟ ಜಾಗದಲ್ಲಿ, ಎರಡು ಹೊಲಗಳ ನಡುವೆ, ಮರದ ಗುಡಿಸಲು ಹಾಕಿಕೊಂಡಿದ್ದೆವು.

ಆ ದಿನ ಸೊಂಟ ಹಿಡಿದುಕೊಂಡೇ ನೆಟ್ಟಗೆ ನಿಂತು, ನನ್ನ ಹಿರಿಮಗಳು ಕ್ಲೆಮನ್ಸ್‌ಳನ್ನು ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದೆ. ಅವನು ನಕ್ಕ. ಶಾಲೆ ನಡೆಯುವುದು ಜಮೀನಿನ ಕಂದಾಯದಿಂದ, ರಸ್ತೆಯ ಮೇಲೆ ಬಿದ್ದಿರೋರು ಯಾವ ಬಾಯಲ್ಲಿ ಶಾಲೆ ಕೇಳ್ತೀರಿ ಅಂದ.

ಚುನಾವಣೆ ಬಂದಾಗ ಅವನ ಬಾಯಲ್ಲೇ ಬೆಲ್ಲ ಸುರಿಯಿತು. ಪ್ರಾಂತ್ಯದ ಶಾಸಕನಾಗಲು ನಿಂತಿದ್ದ. ನಮ್ಮ ಗುಡಿಸಲಿಗೆ ಬಂದು ನನ್ನ ಗಂಡ ನೊರ್ಬೆರ್‌ನ ಪಕ್ಕ ಕೂತು, ಮೊಲದ ಸಾರಿನಲ್ಲಿ ರೊಟ್ಟಿ ಅದ್ದಿ ತಿಂದ. ತಾನೂ ಮಣ್ಣಿನ ಮಗನೇ, ತಾನು ಗೆದ್ದರೆ ನಿಮ್ಮ ಮಕ್ಕಳು ಶಾಲೆಗೆ ಹೋದ ಹಾಗೇ ಅಂದ. ನಂಬಿ ಓಟು ಹಾಕಿದೆವು. ಗೆದ್ದು ಪ್ರಾಂತ್ಯದ ರಾಜಧಾನಿ ರೆಜೈನಾ ಸೇರಿದ. ರಜೆಗೆ ಬಂದವನನ್ನು ಕೇಳಿದರೆ, "ನಿಮ್ಮದು ಇಂಡಿಯನ್ ರಕ್ತ ಅಲ್ವೇನೇ ಅಡೆಲ್? ಅದೆಲ್ಲಾ ಕೇಂದ್ರ ಸರ್ಕಾರದ ಒಟ್ಟಾವಾದೋರ ಕೆಲಸ" ಅಂದ.

ಹಾಗಾದರೆ ನನ್ನನ್ನು ಒಟ್ಟಾವಾಕ್ಕೇ ಕಳಿಸಿ ಅಂತ ಮುಂದಿನ ಚುನಾವಣೆಗೆ ಬಂದ. ಎದುರಿಗೆ ನಿಂತವನು ನಮ್ಮ ಗುಡಿಸಲಿಗೆ ಬೆಂಕಿ ಇಡ್ತೀನಿ ಅಂದಿದ್ದ, ಹಾಗಾಗಿ ಇವನನ್ನೇ ಕಳಿಸಿದೆವು. ಸಂಸತ್ ಸದಸ್ಯನಾಗಿ ರೈಲಿಳಿದವನನ್ನು ಸ್ಟೇಷನ್ನಿನಲ್ಲೇ ಅಡ್ಡಗಟ್ಟಿದೆ. ಶಾಲೆ ಪ್ರಾಂತ್ಯದ ವಿಷಯ, ಹೋಗಿ ರೆಜೈನಾದಲ್ಲಿ ಕೇಳು ಅಂದು ಕೈಗವಸು ಹಾಕಿಕೊಂಡ. ಅಷ್ಟರಲ್ಲಿ ಕ್ಲೆಮನ್ಸ್ ಪಟ್ಟಣದ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ತನ್ನ ಹೆಸರು ಬರೆಯಲು ಅವಳಿಗೆ ಬರುತ್ತಿರಲಿಲ್ಲ.

ಅಂದು ಹೊಟ್ಟೆಯಲ್ಲಿದ್ದ ರೋಸಿನ್‌ಗೆ ಈಗ ಎಂಟು ತುಂಬಿದೆ. ಪ್ರಾಕ್ಟರ್ ಮತ್ತೆ ರೆಜೈನಾಕ್ಕೇ ಗೆದ್ದು ಈ ಸಲ ಮಂತ್ರಿಯಾಗಿದ್ದಾನೆ. ಇವಳಿಗಾಗಿ ನಾನು ಅವನ ಹತ್ತಿರ ಬೇಡಲು ಹೋಗಲಿಲ್ಲ. ಅವನ ಹಲ್ಕಿರಿತ ನೋಡುವ ತಾಳ್ಮೆ ನನಗಿರಲಿಲ್ಲ.

ಓಡಿಸಿದಾಗಲೆಲ್ಲ ಎಳೆದುಕೊಂಡು ಹೋಗಬೇಕಲ್ಲ, ಅದಕ್ಕೇ ನಮ್ಮ ಗುಡಿಸಲುಗಳನ್ನು ಹಿಮದ ಮೇಲೆ ಜಾರುವ ಹಾಗೆ ಎರಡು ದಿಮ್ಮಿಗಳ ಮೇಲೆ ಕೂರಿಸಿರುತ್ತೇವೆ. ಹಿಮ ಗಟ್ಟಿಯಾಗಿದ್ದ ಒಂದು ಬೆಳಿಗ್ಗೆ ನೊರ್ಬೆರ್ ಮತ್ತು ಅವನ ತಮ್ಮಂದಿರು ಕುದುರೆ ಹೂಡಿದರು. ಬೇಲಿ ಕಿತ್ತು, ನಮ್ಮ ಮನೆಯನ್ನು ಪ್ರಾಕ್ಟರನ ಹೊಲದ ನಟ್ಟನಡುವೆ ತಂದು ನಿಲ್ಲಿಸಿದರು.

ರಜೆಗೆ ಮನೆಗೆ ಬಂದಿದ್ದ ಮಂತ್ರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಓಡಿಬಂದ. "ಯಾರಪ್ಪನ ಜಾಗ ಅಂತ ತಂದಿಟ್ರೋ ಬೇವರ್ಸಿಗಳಾ? ತೆಗೀರಿ."

"ನಿಮ್ದೇ ಸಾಹೇಬ್ರೆ," ಅಂದೆ ನಾನು. "ಕಂದಾಯ ಕಟ್ಟಿರೋ ನೆಲ. ನಾವೀಗ ರಸ್ತೆ ಮೇಲಿಲ್ಲ. ಮಗು ಶಾಲೆಗೆ ಹೊರಟವಳೆ."

ಅವನು ಆಳುಗಳನ್ನು ಕೂಗಿ ಟ್ರ್ಯಾಕ್ಟರ್ ತರಿಸಿದ. ಇದು ಒಟ್ಟಾವಾದ ಕೆಲಸವೋ ರೆಜೈನಾದ ಕೆಲಸವೋ ಅಂತ ಯಾರನ್ನೂ ಕೇಳಲಿಲ್ಲ. ದಿಮ್ಮಿಗೆ ಸರಪಳಿ ಬಿಗಿಸಿ, "ಒಳಗೆ ಯಾರಿದ್ರೂ ಸರಿ, ಎಳೀರಿ" ಅಂದ.

ನಾನು ರೋಸಿನ್‌ಳ ಶಾಲು ಕಟ್ಟಿ, ಬಯಲಿನಾಚೆ ಕಾಣುತ್ತಿದ್ದ ಶಾಲೆಯ ಕಡೆ ಕೈ ತೋರಿಸಿದೆ. "ಹೋಗವ್ವ. ಯಾರು ಬೈದ್ರೂ ಅಲ್ಲಿಂದ ಬರಬ್ಯಾಡ."

ಅವಳು ಹೊರಟಳು. ಅವಳನ್ನು ಸೇರಿಸಿಕೊಳ್ಳುವವರೆಗಾದರೂ ಈ ನೆಲ ಬಿಡಬಾರದು ಅಂತ ನಾನು ಒಳಗೆ ಹೋಗಿ ಅಗುಳಿ ಹಾಕಿ, ಉರಿಯುವ ಒಲೆಯ ಪಕ್ಕ ಕೂತೆ. ಟ್ರ್ಯಾಕ್ಟರ್ ಗುಡುಗಿತು. ನೆಲ ಅಲುಗಿ ಒಲೆಯ ಹೊಗೆ ಕೊಳವೆ ಕಳಚಿಬಿತ್ತು, ಮನೆ ತುಂಬ ಹೊಗೆ. ಕೆಮ್ಮುತ್ತ ಕಿಟಕಿಗೆ ಮುಖವೊತ್ತಿದೆ. ರೋಸಿನ್ ಶಾಲೆಯ ಮೆಟ್ಟಿಲ ಮೇಲೆ ನಿಂತು ಬಾಗಿಲು ಬಡಿಯುತ್ತಿದ್ದಳು. ಬಾಗಿಲು ಇನ್ನೂ ತೆರೆದಿರಲಿಲ್ಲ.