ಎಡಗಿವಿಯ ಮೇಲಿನ ಜಡೆ

ಬೇಕಂತಲೇ ತಪ್ಪು ಹೆಣೆಯೋದು ಎಷ್ಟು ಕಷ್ಟ ಅಂತ ಸಂಗೀತಾಗೆ ಆವತ್ತು ಗೊತ್ತಾಯ್ತು. ಕೈ ಒಪ್ಪಬೇಕಲ್ಲ! ಆರು ಕುಣಿಕೆಯಲ್ಲಿ ಮೂರನ್ನ ಒಂದು ಗಿಡ್ಡ ಕಡ್ಡಿಗೆ ತೆಗೆದು ಮುಂದೆ ಬಿಟ್ಟುಕೊಂಡು, ಉಳಿದ ಮೂರನ್ನ ಮೊದಲು ಹೆಣೆದು, ಆಮೇಲೆ ಇವನ್ನ ಹೆಣೆದರೆ ಉಲ್ಲನ್ನು ಜಡೆ ಹಾಕಿದ ಹಾಗೆ ಹೊರಳಿಕೊಳ್ಳುತ್ತೆ. ಟೋಪಿಯ ಸುತ್ತ ಅಂಥ ಎಂಟು ಜಡೆ. ಅದರಲ್ಲಿ ಎಡಗಿವಿಯ ಮೇಲೆ ಬರೋ ಜಡೆಯ ಮೂರನೇ ತಿರುವಿನಲ್ಲಿ ಮಾತ್ರ ಆ ಮೂರು ಕುಣಿಕೆ ಮುಂದೆ ಬರದೆ ಹಿಂದಕ್ಕೆ ಹೋಗಬೇಕು. ಎಂಟು ವರ್ಷದ ಹಿಂದೆ ಮೊದಲ ಟೋಪಿ ಹೆಣೆಯುವಾಗ ತಮ್ಮ ಶಶಿಕಾಂತ್ ಪಕ್ಕದಲ್ಲಿ ಕೂತು, ಬಾಯಿಗೆ ಬಿಡುವು ಕೊಡದೆ ಮಾತಾಡಿ, ಅವಳ ಕೈಯಲ್ಲಿ ಮಾಡಿಸಿದ ತಪ್ಪು ಅದು. ಬಿಚ್ಚಿ ಸರಿ ಮಾಡ್ತೀನಿ ಕೊಡೋ ಅಂದ್ರೆ, "ಇರ್ಲಿ ಬಿಡಕ್ಕ, ನನ್ನ ಟೋಪಿ ಅಂತ ಗುರುತಿಗೆ" ಅಂದಿದ್ದ.

ಈಗ ಆ ಗುರುತೇ ಬೇಕಾಗಿತ್ತು. ಶಶಿ ಮನೆ ಬಿಟ್ಟು ಎರಡು ದಿನ ಆಗಿತ್ತು. ಸಂಗೀತಾ ಬನಶಂಕರಿಯ ಮನೆಯಲ್ಲಿ ಅನ್ನ ನೀರು ಬಿಟ್ಟು ಕೂತು, ಡಬ್ಬದಲ್ಲಿ ಉಳಿದಿದ್ದ ಇಟ್ಟಿಗೆ ಕೆಂಪಿನ ದಪ್ಪ ಉಲ್ಲನ್ನಿನಲ್ಲಿ ಅದೇ ಟೋಪಿಯನ್ನ ಇನ್ನೊಂದು ಸಲ ಹೆಣೀತಿದ್ದಳು.

ನೋಡಿದವರು ಇವಳಿಗೂ ತಲೆ ಕೆಟ್ಟಿತು ಅಂದುಕೊಂಡರೆ ಅಂದುಕೊಳ್ಳಲಿ. ಪೊಲೀಸ್ ಸ್ಟೇಷನ್ನಿನಲ್ಲಿ ಟೋಪಿ ಇಲ್ಲದ ಒಂದು ಫೋಟೋ ಕೊಡಿ ಮೇಡಂ ಅಂದಾಗ ಅವಳ ಫೋನಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಟೋಪಿಯೊಳಗಿಂದ ಎರಡು ಕಣ್ಣು, ಒಂದು ಮೂಗು, ಅಷ್ಟೇ ಶಶಿ. ಆದರೆ ಮೇ ತಿಂಗಳ ಬಿಸಿಲಲ್ಲಿ ಇಂಥ ಟೋಪಿ ಹಾಕ್ಕೊಂಡು ಓಡಾಡೋ ಗಂಡಸು ಇಡೀ ಬೆಂಗಳೂರಿಗೆ ಒಬ್ಬನೇ. ಒಂದು ಸಲ ನೋಡಿದವರು ಮರೆಯೋ ಹಾಗಿಲ್ಲ. ಕೈಗೆ ಟೋಪಿ ಕೊಟ್ಟರೆ ಯಾರಾದರೂ ಹೇಳೇ ಹೇಳ್ತಾರೆ ಅನ್ನೋ ಒಂದೇ ನಂಬಿಕೆಯಲ್ಲಿ ಅವಳು ಕಡ್ಡಿ ಹಿಡಿದಿದ್ದಳು.

ಶಶಿಗೆ ತಲೆಯೊಳಗೆ ಸದ್ದು. ಮೂವತ್ತು ದಾಟಿದ ಮೇಲೆ ಶುರುವಾಗಿದ್ದು. ಬಸ್ಸಿನ ಹಾರನ್ನು, ಮಿಕ್ಸಿ, ಪಕ್ಕದ ಮನೆ ಟೀವಿ, ಎಲ್ಲ ಒಳಗೆ ಹೋಗಿ ಅಲ್ಲೇ ಉಳಿದುಬಿಡುತ್ತೆ ಅಂತಿದ್ದ. ಡಾಕ್ಟರ ಮಾತ್ರೆ ಅರ್ಧ ಸದ್ದು ಇಳಿಸಿತು. ಉಳಿದರ್ಧ ಇಳಿಸಿದ್ದು ಅಕ್ಕನ ಟೋಪಿ. ಸ್ನಾನಕ್ಕೆ ಬಿಟ್ಟರೆ ತೆಗೀತಿರಲಿಲ್ಲ.

ಅಂಥವನಿಗೆ ಅವಳು ಏನಂದಳು? ಕತ್ರಿಗುಪ್ಪೆಯ ಛತ್ರದಲ್ಲಿ ಸೋದರಮಾವನ ಮಗಳ ಮದುವೆ. ಶಶಿ ಹೊಸ ಪಂಚೆ ಉಟ್ಟು, ಶಲ್ಯ ಹೊದ್ದು, ತಲೆಗೆ ಆ ಟೋಪಿ ಏರಿಸಿ ತಯಾರಾಗಿ ನಿಂತಿದ್ದ. ಸಂಗೀತಾಗೆ ಎಲ್ಲಿತ್ತೋ ಸಿಟ್ಟು. "ಬೀಗರು ನೋಡಿ ನಗ್ತಾರೆ ಕಣೋ. ಟೋಪಿ ತೆಗೆದ್ರೆ ಬಾ, ಇಲ್ಲಾಂದ್ರೆ ಮನೇಲೇ ಬಿದ್ದಿರು" ಅಂದಳು. ಅವನು ಎರಡೂ ಕೈಯಲ್ಲಿ ತಲೆ ಮೇಲಿನ ಟೋಪಿ ಒತ್ತಿ ಹಿಡ್ಕೊಂಡ. ಇವಳು ಆಟೋ ಹತ್ತಿದಳು. ಮಾಂಗಲ್ಯ ನೋಡಿ, ಹೋಳಿಗೆ ಊಟ ಮಾಡಿ, ಫೋಟೋಗೆ ಹಲ್ಲು ಕಿರಿದು ಮೂರು ಗಂಟೆಗೆ ವಾಪಸ್ ಬಂದರೆ ಬಾಗಿಲು ಹಾರು ಹೊಡೆದಿತ್ತು. ಅವನ ಚಪ್ಪಲಿ ಇರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಟೋಪಿ ಮುಗೀತು. ಅಲ್ಲಿಂದ ಶುರುವಾಯ್ತು ನೋಡಿ ಅವಳ ಅಲೆದಾಟ. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು, ಹೂವಿನವರು, ಸೌತೆಕಾಯಿ ಮಾರೋರು. "ಅಣ್ಣ, ಈ ಥರ ಟೋಪಿ ಹಾಕ್ಕೊಂಡಿರೋರನ್ನ ನೋಡಿದ್ರಾ?" ಎಲ್ಲರೂ ಟೋಪಿ ಮುಟ್ಟಿ ನೋಡಿದರು, ತಿರುಗಿಸಿ ನೋಡಿದರು, ಇಲ್ಲ ಅಂದರು. ಜಯನಗರ ಆಯ್ತು, ಸಿದ್ದಾಪುರದ ಓಣಿ ಓಣಿ ಆಯ್ತು. ಐದನೇ ದಿನ, ಇರಲಿ ಒಂದು ಮಾತು ಅಂತ, ಮದುವೆ ನಡೆದ ಛತ್ರದ ಗೇಟಿಗೂ ಹೋದಳು. ಒಳಗೆ ಇನ್ಯಾರದೋ ಮದುವೆ. ವಾಚ್‌ಮನ್ ಟೋಪಿ ನೋಡಿ ನಕ್ಕ.

"ಈ ಸೆಕೇಲಿ ಇದನ್ಯಾರು ಹಾಕ್ತಾರೆ ಮೇಡಂ? ಟೋಪಿಯೋರು ಯಾರೂ ಬಂದಿಲ್ಲ. ಬಂದಿದ್ರೆ ನಂಗೆ ಗೊತ್ತಾಗ್ತಿತ್ತು."

ಹಿಂದುಗಡೆ ಅಡಿಗೆ ಪಾತ್ರೆಗಳ ಸದ್ದು ಕಿವಿಗೆ ಅಪ್ಪಳಿಸುತ್ತಿತ್ತು. ಶಶಿ ಈ ಸದ್ದಿನ ಹತ್ತಿರ ಸುಳಿಯೋನೇ ಅಲ್ಲ ಅಂದುಕೊಂಡು ಅವಳು ತಿರುಗಿ ನಡೆದಳು.

ಎಂಟನೇ ದಿನದ ಹೊತ್ತಿಗೆ ರಾಜಕಾಲುವೆ ಕಂಡರೆ ಬಗ್ಗಿ ನೋಡುವ ಮಟ್ಟಕ್ಕೆ ಬಂದಿದ್ದಳು. ಬೆಳಿಗ್ಗೆ ಹತ್ತು ಗಂಟೆಗೆ, ಬಸ್ ಸ್ಟ್ಯಾಂಡಿನಲ್ಲಿ ಅವಳು ಟೋಪಿ ತೋರಿಸಿ ನಂಬರ್ ಕೊಟ್ಟಿದ್ದ ಒಬ್ಬ ಆಟೋದವನು ಫೋನ್ ಮಾಡಿದ. "ಅಕ್ಕ, ಉತ್ತರಹಳ್ಳಿ ಮೇನ್ ರೋಡಲ್ಲಿ ಒಂದು ಅಪಾರ್ಟ್‌ಮೆಂಟ್ ಇದೆ. ಅದರ ಗೇಟ್ ರೂಮಲ್ಲಿ ನಿಮ್ಮ ಟೋಪಿ ನೋಡ್ದೆ. ಟೋಪಿ ಮಾತ್ರ."

ಟೋಪಿ ಮಾತ್ರ ಅಂದರೆ ಏನರ್ಥ? ದಾರಿಯುದ್ದಕ್ಕೂ ಅವಳು ಕೆಟ್ಟದ್ದನ್ನೇ ಯೋಚಿಸಿದಳು.

ಗೇಟ್ ರೂಮಿನ ಮೊಳೆಗೆ ಟೋಪಿ ನೇತುಹಾಕಿತ್ತು. ಸಂಗೀತಾ ಹೇಳದೆ ಕೇಳದೆ ಅದನ್ನ ಕಿತ್ತುಕೊಂಡು ಎಡಗಿವಿಯ ಜಡೆ ಹುಡುಕಿದಳು. ಮೂರನೇ ತಿರುವು ಹಿಂದಕ್ಕೆ ಹೋಗಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಸೆಕ್ಯುರಿಟಿಯ ಚಿಕ್ಕಬೈರಪ್ಪ ಅರವತ್ತರ ಮನುಷ್ಯ. ಗಾಬರಿಯಾಗಿ ನೀರು ಕೊಟ್ಟ. "ಕದ್ದಿದ್ದಲ್ಲ ಕಣಮ್ಮ, ಆ ಯಪ್ಪನೇ ಕೊಟ್ಟಿದ್ದು. ಹೋದ ವಾರ, ಪಂಚೆ ಉಟ್ಕೊಂಡಿದ್ದ. ತಪ್ಪು ಬಸ್ ಹತ್ತಿ ಇಲ್ಲಿ ಬಂದು ಇಳಿದಿದ್ದ. ಕತ್ರಿಗುಪ್ಪೆ ಛತ್ರಕ್ಕೆ ಹೋಗಬೇಕು, ಅಕ್ಕ ಅವಳೆ ಅಂದ. ಬಸ್ ಹತ್ತಿಸ್ದೆ."

"ಟೋಪಿ ಯಾಕೆ ಕೊಟ್ಟ?"

"ನಾನೂ ಅದನ್ನೇ ಕೇಳ್ದೆ. ಇದನ್ನ ತೆಗೆದ್ರೆ ಅಕ್ಕ ಮದುವೆಗೆ ಸೇರಿಸ್ತಾಳೆ, ಜೇಬಲ್ಲಿಟ್ಕೊಂಡ್ರೆ ಮತ್ತೆ ಹಾಕ್ಕೊಂಬಿಡ್ತೀನಿ, ನೀವೇ ಇಟ್ಕೊಳಿ ಅಂದ."

ಸಂಗೀತಾ ಆರು ದಿನ ಊರಿಗೆಲ್ಲ ಟೋಪಿ ತೋರಿಸಿ ತಮ್ಮನನ್ನ ಕೇಳಿದ್ದಳು. ತಮ್ಮನ ತಲೆ ಮೇಲೆ ಟೋಪಿಯೇ ಇರಲಿಲ್ಲ. ತೆಗಿ ಅಂದವಳೇ ಅವಳು, ಅವನು ತೆಗೆದಾನು ಅಂತ ಅವಳಿಗೇ ಹೊಳೆದಿರಲಿಲ್ಲ.

ಚಿಕ್ಕಬೈರಪ್ಪ "ನಂಗ್ಯಾಕೆ, ತಗೊಂಡ್ಹೋಗಿ" ಅಂತ ಹಳೇ ಟೋಪಿಯನ್ನ ಅವಳ ಚೀಲಕ್ಕೆ ಹಾಕಿ ಆಟೋ ಹತ್ತಿಸಿದ.

ಛತ್ರದಲ್ಲಿ ಆವತ್ತೂ ಮದುವೆ. ಸಂಗೀತಾ ವಾಚ್‌ಮನ್‌ನ ಕೇಳಲಿಲ್ಲ. ಓಲಗದವರನ್ನ ದಾಟಿ, ಊಟದ ಹಾಲಿನಲ್ಲಿ ಸಾಲು ಸಾಲು ಮುಖ ನೋಡುತ್ತ ಹಿತ್ತಲಿಗೆ ನುಗ್ಗಿದಳು. ನಲ್ಲಿಕಟ್ಟೆಯಲ್ಲಿ ಪಾತ್ರೆ ತೊಳೆಯೋ ಸಪ್ಪಲಮ್ಮ ತಲೆಯೆತ್ತಿ ನೋಡಿದಳು.

"ಪಂಚೆ ಉಟ್ಟಿರೋರು, ತೆಳ್ಳಗೆ, ಈಗೀಗ ಜಾಸ್ತಿ ಮಾತಾಡಲ್ಲ, ಇಲ್ಲಿ ಬಂದಿದ್ರಾ?" ಸಂಗೀತಾ ಮೊದಲ ಸಲ ಟೋಪಿ ಬಿಟ್ಟು ತಮ್ಮನ ಬಗ್ಗೆ ಕೇಳಿದಳು.

"ಶಶಿಯಣ್ಣನಾ? ನಾನು ಛತ್ರದೋರ ಕಡೆ ಜನ ಅಂದ್ಕಂಡಿದ್ದೆ. ದಿನಾ ಅಕ್ಕ ಒಳಗೆ ಊಟಕ್ಕೆ ಕೂತವಳೆ, ಬರ್ತಾಳೆ ಅಂತಾನೆ. ಪಂಕ್ತಿ ಎದ್ದಾಗೆಲ್ಲ ಹೋಗಿ ಹೆಂಗಸರ ಮುಖ ನೋಡ್ಕೊಂಡು ಬರ್ತಾನೆ. ಆಮೇಲೆ ಪಾತ್ರೆ ತಿಕ್ತಾನೆ." ಸಪ್ಪಲಮ್ಮ ಕೈ ತೋರಿಸಿದಳು.

ಸಾರಿನ ದೊಡ್ಡ ಕೊಳಗದೊಳಗೆ ಅರ್ಧ ಮೈ ಬಗ್ಗಿಸಿ ಒಬ್ಬ ತಿಕ್ಕುತ್ತಿದ್ದ. ಮದುವೆ ದಿನದ ಪಂಚೆಯೇ, ಮಸಿ ಹತ್ತಿ ಕಪ್ಪಾಗಿತ್ತು. ಕಿವಿಗೆ ಪೇಪರ್ ನ್ಯಾಪ್ಕಿನ್ ಉಂಡೆ ಮಾಡಿ ತುರುಕಿಕೊಂಡಿದ್ದ. ಬೋಳು ಬೋಳಾದ ಆ ನೆತ್ತಿಯನ್ನ ಅವಳು ಎಂಟು ವರ್ಷದಿಂದ ಹಗಲು ಬೆಳಕಲ್ಲಿ ನೋಡಿರಲಿಲ್ಲ. ರಸ್ತೆಯಲ್ಲಿ ಎದುರಿಗೆ ಬಂದಿದ್ದರೆ ಅವಳೇ ದಾಟಿಕೊಂಡು ಹೋಗುತ್ತಿದ್ದಳು.

"ಶಶಿ," ಅಂದಳು.

ಅವನಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದಳು. ತಿರುಗಿದ. ಕಣ್ಣು ಕೆಂಪಾಗಿದ್ದವು, ನಿದ್ದೆ ಕಂಡು ಎಷ್ಟು ದಿನವಾಗಿತ್ತೋ.

"ಊಟ ಆಯ್ತಾ ಅಕ್ಕ?" ಅಂದ. ಸೋಪು ಮೆತ್ತಿದ ಕೈಯಲ್ಲಿ ತನ್ನ ತಲೆ ಮುಟ್ಟಿ ತೋರಿಸಿದ. "ತೆಗೆದಿದೀನಿ ನೋಡು. ಈಗ ಒಳಗೆ ಬರ್ಲಾ?"

ಒಳಗೆ ಓಲಗ ಮತ್ತೆ ಶುರುವಾಯ್ತು. ಶಶಿ ಮುಖ ಕಿವುಚಿಕೊಂಡು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ಸಂಗೀತಾ ಅಳುತ್ತಲೇ ಚೀಲದಿಂದ ಹಳೇ ಟೋಪಿ ತೆಗೆದು, ತಪ್ಪು ಜಡೆ ಎಡಗಿವಿಗೆ ಬರೋ ಹಾಗೆ ಅವನ ತಲೆಗೆ ಎಳೆದಳು. ಅವನು ಒಂದು ಗಳಿಗೆ ಕಣ್ಣು ಮುಚ್ಚಿ ಉಸಿರು ಬಿಟ್ಟ. ಆಮೇಲೆ ಏನೋ ನೆನಪಾದವನ ಹಾಗೆ ತೆಗೆದು, ಮಡಿಸಿ, ಅವಳ ಕೈಗೇ ವಾಪಸ್ ಕೊಟ್ಟ.

"ಬೇಡಕ್ಕ. ಬೀಗರು ನಗ್ತಾರೆ."

ಆ ಬೀಗರು ದಾವಣಗೆರೆ ಬಸ್ ಹತ್ತಿ ಆಗಲೇ ಎಂಟು ದಿನ ಆಗಿತ್ತು.