ಡಿಕ್ಕಿಯೊಳಗಿನ ಕರಿ ಕೋಟು

"ಇದನ್ನ ಕಾರು ಅಂತೀಯಲ್ಲಮ್ಮಾ, ನಿನ್ನ ಧೈರ್ಯ ಮೆಚ್ಚಬೇಕು. ತಗಡಿನ ಡಬ್ಬಕ್ಕೆ ನಾಲ್ಕು ಚಕ್ರ ಸಿಗಿಸಿದ್ದೀರಿ, ಅಷ್ಟೇ."

ವಿಮೆ ಕಚೇರಿಯ ಸಾಹೇಬರು ಕಾರಿನ ಫೋಟೋವನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು. ಮೇಜಿನ ಈಚೆ ಎರಡು ಕುರ್ಚಿಗಳು ಖಾಲಿ ಇದ್ದವು. ಇಸ್ತ್ರಿ ಅಕ್ಕ ನಿಂತೇ ಇದ್ದಳು.

"ಡಬ್ಬನೋ ಕಾರೋ, ಅದರಿಂದಲೇ ನಮ್ಮ ಹೊಟ್ಟೆ ನಡೀತದೆ ಸ್ವಾಮಿ. ಮನೆಮನೆಯಿಂದ ಬಟ್ಟೆ ತರೋದು, ಇಸ್ತ್ರಿ ಮಾಡಿ ವಾಪಸ್ ಕೊಡೋದು. ನಿಲ್ಲಿಸಿದ್ದ ಕಾರಿಗೆ ಆ ಪಾರ್ಸೆಲ್ ಲಾರಿಯವನು ರಿವರ್ಸ್ ಬಂದು ಗುದ್ದಿದ. ಡಿಕ್ಕಿ ನಜ್ಜುಗುಜ್ಜಾಗಿದೆ. ಬಟ್ಟೆಯೆಲ್ಲಾ ಒಳಗೇ ಸಿಕ್ಕೊಂಡಿದೆ."

"ಲಾರಿ ಕಂಪನಿಯವರು ಹಾಗೆ ಬರೆದಿಲ್ಲ." ಸಾಹೇಬರು ಕಾಗದ ತಿರುವಿದರು. "'ಸದರಿ ಕಾರು ಏಕಾಏಕಿ ಲಾರಿಯ ದಾರಿಗೆ ಅಡ್ಡ ಬಂದಿರುತ್ತದೆ.'"

"ನಿಂತಿದ್ದದ್ದು ಹೆಂಗೆ ಅಡ್ಡ ಬರ್ತದೆ? ನಾನು ಮೂರನೇ ಮಹಡೀಲಿದ್ದೆ, ನನ್ನ ಗಂಡ ಟೀ ಕುಡಿಯೋಕೆ ಹೋಗಿದ್ದ. ಕಾರಿಗೇನು ದೆವ್ವ ಹಿಡಿದಿತ್ತಾ?"

"ಅದನ್ನ ನಾವು ಪರಿಶೀಲನೆ ಮಾಡಿ ಹೇಳ್ತೀವಿ. ಹದಿನೈದು ದಿನ ಆಗುತ್ತೆ. ಅಲ್ಲೀವರೆಗೂ ಕಾರಿನ ಒಂದು ಸ್ಕ್ರೂನೂ ಮುಟ್ಟೋ ಹಾಗಿಲ್ಲ. ಡಿಕ್ಕಿ ಎಬ್ಬಿದಿರೋ, ಪರಿಹಾರಕ್ಕೆ ಎಳ್ಳುನೀರು."

ಹಾಗಂತ ಒಂದು ಚೀಟಿ ಬರೆಯಲು ಅವರು ಮುಂದಕ್ಕೆ ಬಗ್ಗಿದರು. ಅಂಗಿಯ ಕಾಲರ್ ಮಗುಚಿಕೊಂಡಿತು. ಅದರ ಅಡಿಯಲ್ಲಿ ಹಸಿರು ದಾರದ ಎರಡು ಹೊಲಿಗೆ.

ಆ ಹೊಲಿಗೆ ಅಕ್ಕನದೇ. ಮನೆಗೊಂದು ಬಣ್ಣದ ದಾರದಲ್ಲಿ ಗುರುತು ಹಾಕುವುದು ಅವಳ ಪದ್ಧತಿ. ಹಸಿರು ದಾರದವರ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಬಟ್ಟೆ ಕೊಡುವವಳೂ ಈಸಿಕೊಳ್ಳುವವಳೂ ಆ ಮನೆಯ ಕೆಲಸದವಳೇ. ಆದರೆ ಆ ಮನುಷ್ಯನಿಗೆ ವರ್ಷಕ್ಕಿಷ್ಟು ಹೊಟ್ಟೆ ಬರುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಮೂರನೇ ಗುಂಡಿ ಸದಾ ಸಡಿಲ, ಅವಳೇ ಹೇಳದೆ ಕೇಳದೆ ಹೊಲಿದು ಕೊಡುತ್ತಿದ್ದಳು. ಡಿಕ್ಕಿಯಲ್ಲಿ ಸಿಕ್ಕಿಬಿದ್ದ ಗಂಟುಗಳಲ್ಲಿ ಹಸಿರು ದಾರದ್ದೊಂದು ಕರಿ ಕೋಟಿತ್ತು.

"ಸ್ವಾಮಿ, ನಿಮ್ಮ ಬಟ್ಟೆ..."

"ನನ್ನ ಬಟ್ಟೆ ಉಸಾಬರಿ ನಿನಗ್ಯಾಕೆ? ಇನ್ನೊಂದು ಮಾತಾಡಿದರೆ ಅರ್ಜಿ ಹರಿದು ಬಿಸಾಕ್ತೀನಿ. ನಡಿ, ನಡಿ!"

ಅಕ್ಕ ಚೀಟಿ ಮಡಿಸಿಕೊಂಡು ಬಂದಳು.

ಮನೆ ಮುಂದೆ ಕಾರಿನ ಹಿಂದೆ ಗಂಡ ಹಾರೆ ಹಿಡಿದು ನಿಂತಿದ್ದ. "ಸರಿಯೇ ಆಚೆ. ಒಂದೇ ಏಟಿಗೆ ಎಬ್ಬಿಬಿಡ್ತೀನಿ."

"ಎಬ್ಬಿದರೆ ಹೊಸ ಬಾಗಿಲು ನಿಮ್ಮಪ್ಪ ಹಾಕಿಸ್ತಾನಾ? ಮುಟ್ಟಬೇಡ."

ಮೂರು ದಿನ ಅವಳು ಬೈಗುಳದ ಮೇಲೆ ಬದುಕಿದಳು. ಒಳಗಿದ್ದದ್ದು ಒಂಬತ್ತು ಮನೆಯ ಬಟ್ಟೆ. ಬಂದವರಿಗೆಲ್ಲ ಚೀಟಿ ತೋರಿಸಿದಳು. "ನಿನ್ನ ಚೀಟಿ ಉಟ್ಕೊಂಡು ಹೋಗ್ಲೇನೇ ಮುಂಡೇದೆ?" ಎಂದಳು ಒಬ್ಬಳು ಟೀಚರು. ಇನ್ನಿಬ್ಬರು ಇನ್ನುಮುಂದೆ ಬಟ್ಟೆ ಕೊಡುವುದಿಲ್ಲ ಎಂದು ಮುಖಕ್ಕೇ ಹೇಳಿ ಹೋದರು. ಕಾರು ಹೀಗೇ ಹದಿನೈದು ದಿನ ಬಿದ್ದಿದ್ದರೆ ಉಳಿದ ಮನೆಗಳೂ ಕೈಬಿಡುತ್ತವೆ ಎಂದು ಲೆಕ್ಕ ಹಾಕಲು ಅವಳಿಗೆ ಯಾರೂ ಬೇಕಿರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಹಸಿರು ದಾರದ ಮನೆಯ ಕೆಲಸದವಳು ಬಂದಳು. ಹಿಂದೆಯೇ ಬೆವರು ಒರೆಸಿಕೊಳ್ಳುತ್ತಾ ಸಾಹೇಬರು.

"ಇವಳೇ ನೋಡಿ ಯಜಮಾನ್ರೇ, ನಮ್ಮ ಇಸ್ತ್ರಿ ಅಕ್ಕ."

"ನೀನಾ!"

"ನಾನೇ ಸ್ವಾಮಿ. ಆರು ವರ್ಷದಿಂದ ನಾನೇ."

"ಬೇಗ ಕೋಟು ಕೊಡಮ್ಮಾ. ಸಂಜೆ ಆರಕ್ಕೆ ನನಗೆ ಸನ್ಮಾನ."

"ಯಾತಕ್ಕೆ ಸನ್ಮಾನ?" ಗಂಡ ಕೇಳಿದ.

"ಅತಿ ಹೆಚ್ಚು ಸುಳ್ಳು ಅರ್ಜಿ ಪತ್ತೆ ಮಾಡಿದ್ದಕ್ಕೆ," ಎಂದು ಸಾಹೇಬರು ನೆಲ ನೋಡಿದರು.

ಅಕ್ಕ ಕಾರಿನ ಹಿಂಭಾಗಕ್ಕೆ ಕೈ ತೋರಿಸಿದಳು. ಸಾಹೇಬರು ಡಿಕ್ಕಿ ಎಳೆದರು. ಎರಡು ಕೈಯಲ್ಲಿ ಎಳೆದರು. ಕಾಲು ಕೊಟ್ಟು ಎಳೆದರು. ಕಾರು ಕಿರ್ ಎಂದಿತು, ಡಿಕ್ಕಿ ಅಲುಗಲಿಲ್ಲ.

"ಹಾರೆ ಹಾಕಯ್ಯಾ!"

"ಅಯ್ಯಯ್ಯೋ, ಸ್ಕ್ರೂನೂ ಮುಟ್ಟೋ ಹಾಗಿಲ್ಲ ಸಾಹೇಬ್ರೇ," ಎಂದು ಗಂಡ ಹಾರೆಯನ್ನು ಮಗುವಿನಂತೆ ಅವಚಿಕೊಂಡ. "ಯಾರೋ ದೊಡ್ಡೋರು ಬರೆದುಕೊಟ್ಟವ್ರೆ."

"ನಾನೇ ಕಣಯ್ಯಾ ಬರೆದದ್ದು!"

"ಹಂಗಾದ್ರೆ ನೀವೇ ಪರಿಶೀಲನೆ ಮಾಡಿಬಿಡಿ," ಎಂದಳು ಅಕ್ಕ. "ಹೆಂಗೂ ಬಂದಿದ್ದೀರಿ."

ಬೀದಿಯವರು ಒಬ್ಬೊಬ್ಬರೇ ಸೇರಿದರು. ಬೈದು ಹೋಗಿದ್ದ ಟೀಚರೂ ಬಂದಳು. ಸಾಹೇಬರು ಮಂಡಿಯೂರಿ ಕಾರಿನ ಕೆಳಗೆ ಇಣುಕಿದರು, ಲಾರಿಯ ಕೆಂಪು ಬಣ್ಣ ತಗಡಿಗೆ ಅಂಟಿದ್ದನ್ನು ಉಗುರಲ್ಲಿ ಕೆರೆದರು. ಚೀಲದಿಂದ ವರದಿಯ ನಮೂನೆ ತೆಗೆದು, ಕಾರಿನ ಬಾನೆಟ್ಟೇ ಮೇಜಾಗಿ ಎರಡು ಪ್ರತಿ ಬರೆದರು.

"ಗಟ್ಟಿಯಾಗಿ ಓದಿ ಸ್ವಾಮಿ. ನಾನು ಅಕ್ಷರ ಕೂಡಿಸಿ ಓದೋ ಹೊತ್ತಿಗೆ ನಿಮ್ಮ ಹಾರ ಬಾಡಿ ಹೋಗುತ್ತೆ."

"ನಿಂತಿದ್ದ ಕಾರಿಗೆ..." ಸಾಹೇಬರು ಗೊಣಗಿದರು.

"ಕೇಳಿಸ್ತಿಲ್ಲ!" ಎಂದಳು ಟೀಚರು, ಹಿಂದಿನ ಬೆಂಚಿನವನಿಗೆ ಹೇಳಿದ ಹಾಗೆ.

"ನಿಂತಿದ್ದ ಕಾರಿಗೆ ಲಾರಿಯು ಹಿಮ್ಮುಖವಾಗಿ ಬಂದು ಗುದ್ದಿರುತ್ತದೆ! ತಪ್ಪು ಲಾರಿಯದು! ಪೂರ್ತಿ ಪರಿಹಾರಕ್ಕೆ ಶಿಫಾರಸು ಮಾಡಿದೆ! ಸಾಕಾ?"

"ಸಹಿ. ಎರಡೂ ಪ್ರತಿಗೆ," ಎಂದಳು ಅಕ್ಕ.

ಒಂದು ಪ್ರತಿ ಅಕ್ಕನ ರವಿಕೆಯೊಳಗೆ ಸೇರಿದ ಮೇಲೆ ಗಂಡ ಹಾರೆ ಹಾಕಿದ. ಡಿಕ್ಕಿ ಬಾಯಿ ಬಿಟ್ಟಿತು. ಬಟ್ಟೆಗಳು ಒಂದೊಂದಾಗಿ ಹೊರಬಂದವು. ಕಟ್ಟಕಡೆಗೆ ಬಂದ ಕೋಟು, ಹಿಂಡಿ ಬಿಸಾಕಿದ ನೆಲ ಒರೆಸುವ ಬಟ್ಟೆಯಂತಿತ್ತು.

ಗಂಟೆ ನಾಲ್ಕೂವರೆ.

"ತಾಯೀ," ಎಂದರು ಸಾಹೇಬರು. ಈ ಬಾರಿ ದನಿಯೇ ಬೇರೆ. "ಬೇಗ ಒಂದು ಕೈ ಇಸ್ತ್ರಿ ಆಡಿಸಿಬಿಡು."

"ಆಡಿಸ್ತೀನಿ ಸ್ವಾಮಿ. ಮುಂದೆ ಎಂಟು ಮನೆಯವರದು ಇದೆ. ಪಾಪ, ನನ್ನ ಬಯ್ಕೊಂಡೇ ನಾಲ್ಕು ದಿನ ಕಾದಿದ್ದಾರೆ."

"ಸನ್ಮಾನ ಕಣಮ್ಮಾ!"

"ಕೋಟಿಲ್ಲದೆ ಹೋದರೂ ಗುರುತು ಹಿಡೀತಾರೆ ಬಿಡಿ."

ಅಕ್ಕ ಕೋಟನ್ನು ರಾಶಿಯ ಕೆಳಗೆ ಇಟ್ಟಳು. ರಾತ್ರಿ ಪಾಳಿಗೆ ಹೋಗಬೇಕಾದ ಕಾವಲುಗಾರನ ಅಂಗಿಯನ್ನು ಹಲಗೆಯ ಮೇಲೆ ಹರಡಿ ನೀರು ಚಿಮುಕಿಸಿದಳು. ಇಸ್ತ್ರಿಪೆಟ್ಟಿಗೆ ಚುಂಯ್ ಎಂದಿತು. ಮೊದಲು ಕಾಲರು. ಆಮೇಲೆ ಎಡ ತೋಳು. ಸಾಹೇಬರು ಕೈಗಡಿಯಾರ ನೋಡಿಕೊಂಡರು. ಅಕ್ಕ ಅಂಗಿಯನ್ನು ಮಗುಚಿ, ಗುಂಡಿಯೊಂದು ಸಡಿಲವಾಗಿದ್ದದ್ದು ಕಂಡು, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸೂಜಿಗೆ ದಾರ ಪೋಣಿಸಲು ಕೂತಳು.