ಮೆಂಗ್ ಮನೆಯ ಹಿಂಗೋಡೆ

ಮೆಂಗ್ ಅಜ್ಜಿ ನವಣೆ ಗಂಜಿಯ ಬಟ್ಟಲನ್ನು ಯಾನ್ ರುಯಿಫೆನ್‌ಳ ಮುಂದೆ ಕುಕ್ಕಿದಳು. ಬಂದವಳು ಜಿಲ್ಲೆಯ ನಾಯಕಿಯಾದರೇನು, ಅಜ್ಜಿಯ ಸಿಟ್ಟು ಸಿಟ್ಟೇ. ಹಿತ್ತಲಿನಿಂದ ಗೋಡೆ ಒಡೆಯುವ ಹಾರೆಯ ಸದ್ದು ಬರುತ್ತಿತ್ತು.

“ಕುಡೀರಿ. ತಣ್ಣಗಾದ್ರೆ ಗಂಟಲಲ್ಲಿ ಇಳಿಯಲ್ಲ.”

ರುಯಿಫೆನ್ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಎದುರಿಗೆ ಅಜ್ಜಿಯ ಸೊಸೆ ಸೂಲಾನ್ ಬಟ್ಟೆಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇಪ್ಪತ್ತಾರರ ವಿಧವೆ. ಅವಳ ಗಂಡ ತಿಯೆಷಾನ್ ಜಪಾನಿಯರ ವಿರುದ್ಧ ರುಯಿಫೆನ್‌ಳದೇ ದಳದಲ್ಲಿ ಕಾದಾಡಿ ಸತ್ತಿದ್ದ.

ನಾಲ್ಕು ತಿಂಗಳ ಹಿಂದೆ ಸೂಲಾನ್ ಇಡೀ ಹಗಲು ನಡೆದು ಕಚೇರಿಗೆ ಬಂದಿದ್ದಳು. ಪಕ್ಕದೂರಿನ ಬಡಗಿಯನ್ನು ಮದುವೆಯಾಗಲು ಮನೆಯವರು ಬಿಡುತ್ತಿಲ್ಲ, ನೀವು ಹೇಳಿ ಎಂದು ಅರ್ಜಿ ಕೊಟ್ಟು ಬೇಡಿದ್ದಳು. ಹೊಸ ಮದುವೆ ಕಾನೂನು ಅವಳ ಪರವಾಗಿಯೇ ಇತ್ತು. ಅದನ್ನು ಸಂತೆ ಸಂತೆಯಲ್ಲಿ ಓದಿ ಹೇಳಿದವಳೇ ರುಯಿಫೆನ್. ಪಾದ ಬೆಳೆಯದಂತೆ ಚಿಕ್ಕಂದಿನಲ್ಲೇ ಬಿಗಿದಿದ್ದ ಪಟ್ಟಿಯನ್ನು ಹದಿನೇಳರಲ್ಲಿ ಬಿಚ್ಚಿ ಬಿಸಾಡಿ ಬೆಟ್ಟ ಹತ್ತಿದವಳು, ಹನ್ನೆರಡು ವರ್ಷ ಬಂದೂಕು ಹೊತ್ತವಳು. ಆದರೂ ತಿಯೆಷಾನ್‌ನ ಹೆಂಡತಿ ಇನ್ನೊಬ್ಬನ ಮನೆ ಸೇರುವುದು ಅವಳ ಮನಸ್ಸಿಗೆ ಒಗ್ಗಲಿಲ್ಲ. ‘ಹುತಾತ್ಮನ ಮನೆಯ ಮಾನ ಉಳಿಯಲಿ, ಸ್ವಲ್ಪ ಕಾಲ ತಾಳಿಕೋ’ ಎಂದು ಅರ್ಜಿಯ ಮೇಲೆ ಬರೆದು ವಾಪಸು ಕಳಿಸಿಬಿಟ್ಟಳು.

ಆ ಕಾಗದವನ್ನು ಊರವರಿಂದ ಓದಿಸಿಕೊಂಡು ಅಜ್ಜಿ ಸೊಸೆಯನ್ನು ಕಾಳಿನ ಕೋಣೆಯಲ್ಲಿ ಕೂಡಿಹಾಕಿದಳು. ಹದಿನೆಂಟನೆಯ ದಿನ ಸೂಲಾನ್, ಅಲ್ಲಿ ತೋಫು ಹೆಪ್ಪಿಡಲು ಇಟ್ಟಿದ್ದ ವಿಷದಂಥ ಕಟು ಉಪ್ಪುನೀರನ್ನು ಗಟಗಟ ಕುಡಿದಳು. ಪ್ರಾಣ ಉಳಿಯಿತು. ದನಿ ಉಳಿಯಲಿಲ್ಲ.

ಆ ಸುದ್ದಿ ಕೇಳಿಯೇ ರುಯಿಫೆನ್ ಇಲ್ಲಿಗೆ ಬಂದಿದ್ದಳು. ಈಗ ಅಜ್ಜಿ ಸೊಸೆಯನ್ನು ಕಳಿಸಲು ಒಪ್ಪಿದ್ದಳು, ಆದರೆ ತಲೆಬಾಗಿಲಿನಿಂದಲ್ಲ. ಮರುಮದುವೆಗೆ ಹೊರಟ ವಿಧವೆ ಹಿಂಗೋಡೆಗೆ ಕಿಂಡಿ ಕೊರೆಸಿ, ಅದರಲ್ಲಿ ತೆವಳಿ ಹೋಗಬೇಕು. ಆ ಊರಿನಲ್ಲಿ ಹಾಗೆಯೇ ನಡೆದುಬಂದಿತ್ತು.

“ಬಾಗಿಲಿಂದ ಕಳಿಸಿ ಅವ್ವ,” ಎಂದಳು ರುಯಿಫೆನ್.

“ಬಾಗಿಲಿಂದ ಹೋದ್ರೆ ಈ ಮನೆ ಭಾಗ್ಯ ಅವಳ ಹಿಂದೇನೇ ಹೋಗುತ್ತೆ. ನನಗೆ ಉಳಿದಿರೋನು ಒಬ್ಬ ಮಗ. ಅವನಿಗೇನಾದ್ರೂ ಆದ್ರೆ ನೀವು ಹೆತ್ತು ಕೊಡ್ತೀರಾ?”

“ಅದೆಲ್ಲ ಹಳೇ ಕಾಲದ ನಂಬಿಕೆ.”

“ಹಾಗಾದ್ರೆ ನೀವು ಬರೆದು ಕೊಟ್ರಲ್ಲ, ಅದು ಯಾವ ಕಾಲದ್ದು? ಸಂತೇಲಿ ಒಂದು ಮಾತು, ಕಾಗದದಲ್ಲಿ ಇನ್ನೊಂದು. ನಾನು ಓದು ಬರದ ಮುದುಕಿ. ನಿಮ್ಮ ಅಕ್ಷರ ನಂಬ್ಕೊಂಡೇ ಬೀಗ ಹಾಕ್ದೆ.”

ಹಾರೆಯ ಸದ್ದು ನಿಂತಿತು. ಅಜ್ಜಿಯ ಮೈದುನ ಮಣ್ಣುಗೈ ಒರೆಸಿಕೊಳ್ಳುತ್ತ ಒಳಗೆ ಬಂದ.

“ಕಿಂಡಿ ಆಯ್ತು ಅತ್ತಿಗೆ. ಕುರಿ ತೂರೋವಷ್ಟು ಅಗಲ ಇದೆ. ಸಾಕಲ್ಲ?”

ಸೂಲಾನ್ ತಲೆ ತಗ್ಗಿಸಿಕೊಂಡು ಹಿತ್ತಲಿಗೆ ಹೊರಟಳು. ಅಲ್ಲಿ ನೆರೆಹೊರೆಯವರೆಲ್ಲ ತಮಾಷೆ ನೋಡಲು ನೆರೆದಿದ್ದರು. ರುಯಿಫೆನ್ ಅವಳ ಹಿಂದೆಯೇ ನಡೆದಳು. ಇದು ತನ್ನ ಕೈಯಾರೆ ಆದದ್ದು, ಯಾವ ಶತ್ರುವೂ ಮಾಡಿದ್ದಲ್ಲ.

“ನಿಲ್ಲು ತಾಯಿ,” ಎಂದಳು. ಆಮೇಲೆ ಅಜ್ಜಿಯತ್ತ ತಿರುಗಿದಳು. “ಅವ್ವ, ಮನೆಗೆ ಹತ್ತಿದ ಕೇಡು ಹೊರಗೆ ಹೋಗ್ಲಿ ಅಂತ ತಾನೇ ಈ ಕಿಂಡಿ?”

“ಮತ್ತಿನ್ನೇನು.”

“ಹಾಗಿದ್ರೆ ಕೇಡು ಮಾಡಿದವಳು ನಾನು. ನಿಮ್ಮ ಮಗನ ಮುಖ ನೆನೆಸ್ಕೊಂಡು ಬರೆದೆ. ಎದುರಿಗೆ ನಿಂತಿದ್ದ ಇವಳ ಮುಖ ನೋಡ್ಲಿಲ್ಲ.”

ಸೊಟ್ಟ ಪಾದಗಳನ್ನು ಊರಲಾರದೆ ಊರಿ ಅವಳು ಕಿಂಡಿಯ ಮುಂದೆ ಮಂಡಿಯೂರಿದಳು.

“ಏಳಿ, ಏಳಿ, ಜನ ನೋಡ್ತಿದ್ದಾರೆ,” ಎಂದ ಮೈದುನ ಗಾಬರಿಯಿಂದ.

“ನೋಡ್ಲಿ.”

ಯಾರೋ ಕಿಸಕ್ಕೆಂದು ನಕ್ಕರು, ಬೇರೆ ಯಾರೂ ನಗದಿದ್ದುದರಿಂದ ಸುಮ್ಮನಾದರು. ಜಿಲ್ಲೆಯ ನಾಯಕಿ ಕುರಿಹಿಕ್ಕೆಯ ಕೆಸರಲ್ಲಿ ಹೊಟ್ಟೆ ಎಳೆದುಕೊಂಡು ತೆವಳಿದಳು. ಕಲ್ಲಿನ ಮೊನೆ ಭುಜವನ್ನು ತರಚಿತು. ಅರ್ಧದಲ್ಲಿ ಸೊಂಟ ಸಿಕ್ಕಿಕೊಂಡು ಒದ್ದಾಡಬೇಕಾಯಿತು.

ಅವಳು ಆಚೆ ಬಿದ್ದಾಗ ಮುಂದಿನ ಬಾಗಿಲು ಕಿರ್ರೆಂದಿತು. ಹಿಂದೆಯೇ ಅಜ್ಜಿಯ ಒರಟು ದನಿ: “ಹೋಗು, ಇಲ್ಲಿಂದಲೇ ಹೋಗು. ಕೇಡು ಆ ಕಡೆಯಿಂದ ಹೋಯ್ತಂತೆ.”

ಮನೆ ಬಳಸಿಕೊಂಡು ಬಂದ ಸೂಲಾನ್, ಕೆಸರಲ್ಲಿ ಕೂತ ರುಯಿಫೆನ್‌ಳ ಮುಂದೆ ನಿಂತಳು.

“ತಪ್ಪಾಯ್ತು ಕಣಮ್ಮ.”

ಸೂಲಾನ್ ಅವಳನ್ನೇ ನೋಡಿದಳು. ಕ್ಷಮಿಸಿದೆ ಎನ್ನಲೂ, ಇಲ್ಲ ಎನ್ನಲೂ ಆ ಗಂಟಲಲ್ಲಿ ದನಿಯಿರಲಿಲ್ಲ. ಬಟ್ಟೆಗಂಟನ್ನು ಹೆಗಲಿಗೇರಿಸಿ ಬಡಗಿಯ ಊರಿನ ದಾರಿ ಹಿಡಿದಳು.